ಹೈಡ್ರೋಜನ್ ಬಸ್ಸು ನೀರಿನಿಂದ ಓಡುವುದಿಲ್ಲ

‘ಹೈಡ್ರೋಜನ್ ಬಸ್ಸಿಗೆ ನೀರು ಸಾಕು, ಖರ್ಚೂ ಕಡಿಮೆ, ಬ್ಯಾಟರಿ ಬಸ್ಸಿನ ಕಾಲ ಮುಗೀತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ನೀರು ಈ ಬಸ್ಸು ಹೊರಗೆ ಬಿಡುವ ವಸ್ತು, ಇಂಧನವಲ್ಲ. ನೀರಿನಿಂದಲೇ ಹೈಡ್ರೋಜನ್ ಬೇಕೆಂದರೆ ಮೊದಲು ಕರೆಂಟಿನಿಂದ ಆ ನೀರನ್ನು ಒಡೆದು ತೆಗೆಯಬೇಕು. ಅದನ್ನು ಭಾರೀ ಒತ್ತಡದಲ್ಲಿ ಸಿಲಿಂಡರಿಗೆ ತುಂಬಬೇಕು. ಬಸ್ಸಿನೊಳಗಿನ ಫ್ಯುಯೆಲ್ ಸೆಲ್ ಎಂಬ ಸಾಧನ ಅದರಿಂದ ಮತ್ತೆ ಕರೆಂಟೇ ಮಾಡುತ್ತದೆ! ಪ್ರತಿ ಹಂತದಲ್ಲೂ ಶಕ್ತಿ ನಷ್ಟ. 100 ಯೂನಿಟ್ ಕರೆಂಟ್ ಹಾಕಿದರೆ ಚಕ್ರಕ್ಕೆ ಸಿಗುವುದು ಸುಮಾರು 30. ಬ್ಯಾಟರಿ ಬಸ್ಸಿನಲ್ಲಾದರೆ 70ಕ್ಕೂ ಜಾಸ್ತಿ. ಅದೂ ಅಲ್ಲದೆ, ಜಗತ್ತಿನ ಬಹುಪಾಲು ಹೈಡ್ರೋಜನ್ ಇವತ್ತಿಗೂ ಬರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ.

ಖರ್ಚಿನ ಮಾತಿಗೆ ಫ್ರಾನ್ಸಿನ ಮಾಂಪೆಲಿಯೆ ನಗರವನ್ನೇ ನೋಡಿ. 51 ಹೈಡ್ರೋಜನ್ ಬಸ್ ತರಿಸುವ ಯೋಜನೆಯನ್ನು 2022ರ ಜನವರಿಯಲ್ಲಿ ಕೈಬಿಟ್ಟಿತು. ಲೆಕ್ಕ ಹಾಕಿದಾಗ ಕಿಲೋಮೀಟರಿಗೆ ಹೈಡ್ರೋಜನ್‌ಗೆ 0.95 ಯೂರೋ, ಬ್ಯಾಟರಿಗೆ 0.15 ಯೂರೋ. ಆರು ಪಟ್ಟು!

ಹೈಡ್ರೋಜನ್ ಸುಮ್ನೆ ದಂಡ ಅಂತಲ್ಲ. ಹತ್ತೇ ನಿಮಿಷದಲ್ಲಿ ತುಂಬಬಹುದು, ದೂರದ ರೂಟಿಗೆ ಅನುಕೂಲ. ಆದರೆ ಚೀನಾದ ಶೆನ್ಜೆನ್ 2017ರ ಹೊತ್ತಿಗೇ 16,000ಕ್ಕೂ ಹೆಚ್ಚು ಸಿಟಿ ಬಸ್ಸುಗಳನ್ನು ಬ್ಯಾಟರಿಗೆ ಬದಲಿಸಿತ್ತು. ಕಾಲ ಮುಗಿದದ್ದು ಹೀಗೇನಾ?