ಹೇಂಟೆಯ ಭಸ್ಮಸ್ನಾನ

ಬೆಂಗಳೂರಿನಿಂದ ತಂಗಿ ಮಗ ಫೋನ್ ಮಾಡಿದ್ದ. "ಮಾವ, ಇಲ್ಲಿ ತಿನ್ನೋದೆಲ್ಲ ಕೆಮಿಕಲ್ಲು. ಒಂದು ಮೂವತ್ತು ನಾಟಿ ಮೊಟ್ಟೆ ಕಳಿಸಿ. ರೇಟು ಎಷ್ಟಾದ್ರೂ ಪರವಾಗಿಲ್ಲ." ತೀರ್ಥಹಳ್ಳಿ ಕಡೆಯ ಮೊಟ್ಟೆ ಅಂದರೆ ಅವನ ಅಪಾರ್ಟ್‌ಮೆಂಟಿನವರಿಗೆ ಪ್ರಸಾದಕ್ಕೆ ಸಮವಂತೆ. ಎದೆ ಉಬ್ಬಿಸಿಕೊಂಡು ಹಿತ್ತಲಿಗೆ ಹೋದೆ. ನಮ್ಮ ಕೆಂಪು ಹೇಂಟೆ ಬಚ್ಚಲ ಒಲೆಯ ಬೂದಿಗುಡ್ಡೆಯಲ್ಲಿ ಭಸ್ಮಸ್ನಾನ ಮಾಡುತ್ತಿತ್ತು.

ಬೂದಿಯಲ್ಲಿ ಏನಿದೆ ಅಂತ ಬಗ್ಗಿ ನೋಡಿದೆ. ಕರಗಿ ಮುದ್ದೆಯಾದ ಚಪ್ಪಲಿಯ ಬಾರು. ತೋಟದ ಪೈಪಿನ ತುಂಡು. ಹರಿದ ಮಳೆಕೋಟಿನ ಗುಂಡಿ. ಹೋದ ಮಳೆಗಾಲ ಅಡಿಕೆ ಕೊನೆಗೆ ಕಟ್ಟಿದ್ದ ಪ್ಲಾಸ್ಟಿಕ್ ಕೊಟ್ಟೆ, ಅರ್ಧ ಬೆಂದದ್ದು. ಹಾಲಿನ ಪ್ಯಾಕೆಟ್ಟಿನ ಗುರುತು ಮಾತ್ರ ಸಿಗಲಿಲ್ಲ. ಅದು ನಮ್ಮನೆಗೆ ಬರುವುದೇ ಒಲೆ ಹೊತ್ತಿಸೋಕೆ, ಹಾಲು ಅದರ ಜೊತೆ ಫ್ರೀ. ಮಳೆಗಾಲದಲ್ಲಿ ಸೌದೆ ಹಸಿ, ಇನ್ನೇನು ಮಾಡೋದು, ಅಲ್ವಾ?

ಪೈಪು, ವೈರಿನ ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಇಂಥ ಅರೆಬರೆ ಬೆಂಕಿಗೆ ಹಾಕಿದರೆ ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತದೆ. ಅದು ನಾಶವಾಗಬೇಕಾದರೆ 850 ಡಿಗ್ರಿಗಿಂತ ಜಾಸ್ತಿ ಶಾಖ ಬೇಕು. ನಮ್ಮ ಒಲೆಗೆ ಒಂದು ಹಂಡೆ ನೀರು ಕಾಯಿಸುವಷ್ಟರಲ್ಲೇ ಜೀವ ಹೋಗಿರುತ್ತದೆ. ಹಾಗಾಗಿ ಡಯಾಕ್ಸಿನ್ ಬೂದಿಯಲ್ಲಿ, ಮಣ್ಣಿನಲ್ಲಿ ಆರಾಮಾಗಿ ಕೂತಿರುತ್ತದೆ. ಕೋಳಿ ಕೆದರಿ ತಿನ್ನುತ್ತದೆ. ಡಯಾಕ್ಸಿನ್ನಿಗೆ ಕೊಬ್ಬು ಅಂದರೆ ಪ್ರಾಣ. ಮೊಟ್ಟೆಯಲ್ಲಿ ಕೊಬ್ಬಿರುವುದು ಹಳದಿಯಲ್ಲಿ. "ನಾಟಿ ಅಂದ್ರೆ ನೋಡಿ, ಹಳದಿ ಹೇಗಿದೆ!" ಅಂತ ನಾವು ನೆಂಟರಿಗೆ ತೋರಿಸುವುದೂ ಅದನ್ನೇ. ನಮ್ಮ ಮೈ ಸೇರಿದ್ದರಲ್ಲಿ ಅರ್ಧ ಇಳಿಯೋಕೆ 7ರಿಂದ 11 ವರ್ಷ ಬೇಕು. ನಾನು ಕೊಟ್ಟ ಜಮೀನಿನ ಪೋಡಿ ಅರ್ಜಿಗೆ ಹೋಲಿಸಿದರೆ ಇದು ಬೇಗವೇ ಬಿಡಿ. ಪಾಪ, ಗೂಡಿನ ಫಾರಂ ಕೋಳಿಗೆ ಮಣ್ಣು ಮುಟ್ಟುವ ಭಾಗ್ಯವಿಲ್ಲ. ಈ ಒಂದು ವಿಷಯದಲ್ಲಿ ಅದು ಬಚಾವು.

ಮಾಲಿನ್ಯ ಅಂದರೆ ನಾವೆಲ್ಲ ಭದ್ರಾವತಿ ಕಡೆ ಕೈ ತೋರಿಸುವವರು. ಅಲ್ಲಿನ ಕಾಗದದ ಕಾರ್ಖಾನೆ ಕೆಲಸ ನಿಲ್ಲಿಸಿ ವರ್ಷಗಳಾದವು. ನಮ್ಮ ಬಚ್ಚಲ ಒಲೆ ಒಂದು ದಿನವೂ ರಜೆ ತಗೊಂಡಿಲ್ಲ. ಹೊಗೆ ಕಂಡರೆ ಮೂಗು ಮುಚ್ಚಿಕೊಳ್ಳುತ್ತೇವೆ, ಸರಿ. ಆದರೆ ಮನುಷ್ಯರಿಗೆ ಡಯಾಕ್ಸಿನ್ ನೂರಕ್ಕೆ 90 ಪಾಲಿಗಿಂತ ಜಾಸ್ತಿ ಬರುವುದು ಊಟದ ತಟ್ಟೆಯಿಂದ. ಅಲ್ಲಿ ಬಾಯಿ ಮುಚ್ಚುವವರು ಯಾರು?

ಕಾನೂನು ಇಲ್ಲ ಅಂದುಕೊಳ್ಳಬೇಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ನಮ್ಮೂರಿಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ. ನಾವು ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡುತ್ತೇವೆ. ಗಾಡಿ ಗುಡ್ಡದ ಹಿಂದೆ ಹೋಗಿ ಎರಡಕ್ಕೂ ಮದುವೆ ಮಾಡಿಸುತ್ತದೆ. ಸಂಜೆಗೆ ಹೋಮ. ದಂಡ ಹಾಕಬೇಕಾದವರೇ ಕಡ್ಡಿ ಗೀರಿದರೆ ರಸೀದಿ ಯಾರ ಹೆಸರಿಗೆ ಅಂತ ಪಂಚಾಯ್ತಿ ಸದಸ್ಯರೊಬ್ಬರನ್ನು ಕೇಳಿದೆ.

"ಅದು ಸುಡೋದಲ್ಲ ಅಣ್ಣಾ, ವಿಲೇವಾರಿ" ಅಂದರು.

ಮುಂದಿನ ವಾರ ವಿಷಮುಕ್ತ ಆಹಾರದ ಬಗ್ಗೆ ಸಭೆ ನಡೆಯಿತು. ಭಾಷಣ ಅವರದ್ದೇ. ಊಟಕ್ಕೆ ಕಡುಬು, ನಾಟಿ ಕೋಳಿ ಸಾರು. ರುಚಿಗೆ ಹೆಸರಿಡುವ ಹಾಗಿರಲಿಲ್ಲ. ಕೈ ತೊಳೆದು ಬರುವಷ್ಟರಲ್ಲಿ ಪ್ಲಾಸ್ಟಿಕ್ ಲೋಟಗಳೆಲ್ಲ ಕಟ್ಟಡದ ಹಿಂದೆ ವಿಲೇವಾರಿಯಾಗುತ್ತಿದ್ದವು. ಪಕ್ಕದಲ್ಲೇ ನಾಲ್ಕು ಕೋಳಿ ಕಾಯುತ್ತಿದ್ದವು.

ಮೊನ್ನೆ ತಂಗಿ ಮಗನಿಗೆ ಮೊಟ್ಟೆ ಕಟ್ಟಲು ಕೂತೆವು. ಅಷ್ಟರಲ್ಲಿ ಅವನದೇ ಫೋನು. "ಮಾವ, ಪ್ಲಾಸ್ಟಿಕ್ ಕವರಲ್ಲಿ ಮಾತ್ರ ಹಾಕ್ಬೇಡಿ. ಆರೋಗ್ಯಕ್ಕೆ ಒಳ್ಳೇದಲ್ಲ." ಹುಡುಗ ಓದಿಕೊಂಡವನು. ಸರಿ ಅಂತ ಬಿದಿರ ಬುಟ್ಟಿಗೆ ಭತ್ತದ ಹೊಟ್ಟು ಹಾಕಿ ಜೋಡಿಸಿದೆವು. ಬೇಡವಾದ ಕವರನ್ನು ನನ್ನವಳು ಬಚ್ಚಲ ಒಲೆಗೆ ತುರುಕಿದಳು. ಅವತ್ತು ಸ್ನಾನಕ್ಕೆ ನೀರು ಬೇಗ ಕಾಯಿತು.