ಫ್ಲೆಕ್ಸಿನ ಮೇಲೆ ಜಾಮಿ ಮಸೀದಿ

ನಮ್ಮ ಕಲಬುರಗಿಯಲ್ಲಿ ಫೋಟೋ ಪ್ರದರ್ಶನ ಅಂದ್ರೆ ಏನಿರ್ತದೆ ಅಂತ ಹೋಗಿ ನೋಡಿದವರಿಗೆ ಗೊತ್ತು. ಕೋಟೆಯ ಜಾಮಿ ಮಸೀದಿ, ಬೀದರಿನ ಮದರಸಾ, ಶಹಾಪುರದ ಮಲಗಿದ ಬುದ್ಧ, ತೊಗರಿ ಹೊಲದಲ್ಲಿ ನಗುವ ಒಬ್ಬ ಆಯಿ. ಎಲ್ಲವೂ ಫ್ಲೆಕ್ಸಿನ ಮೇಲೆ, ಇಲ್ಲಾ ಸನ್‌ಬೋರ್ಡಿಗೆ ಅಂಟಿಸಿದ ವಿನೈಲ್ ಮೇಲೆ. ಉದ್ಘಾಟನೆ, ಶಾಲು, ಹಾರ, ಸೆಲ್ಫಿ. ಮೂರನೇ ದಿನ ಆ ಚಿತ್ರಗಳು ಎಲ್ಲಿ ಹೋದವು ಅಂತ ಯಾರೂ ಕೇಳುವುದಿಲ್ಲ. ಹೋದ ಮಳೆಗಾಲದಲ್ಲಿ ಅಂಥದ್ದೇ ಒಂದು ಮಸೀದಿ ನಮ್ಮ ಓಣಿಯ ಬಾಳೆಹಣ್ಣಿನ ಬಂಡಿಗೆ ಹೊದಿಕೆಯಾಗಿತ್ತು. ಕಮಾನುಗಳು ತಲೆಕೆಳಗು, ಕೆಳಗೆ ಪ್ರಾಯೋಜಕರ ಹೆಸರು ಮಾತ್ರ ಸ್ಪಷ್ಟ. ಬಂಡಿಯವನಿಗಾದರೂ ಉಪಯೋಗಕ್ಕೆ ಬಂತಲ್ಲ!

ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದ್ದು 2016ರಲ್ಲಿ. ಜಗತ್ ಸರ್ಕಲ್‌ನಲ್ಲಿ ನಿಂತು ತಲೆ ಎತ್ತಿದರೆ ಅದು ಯಾವ ರಾಜ್ಯದ ಸುದ್ದಿ ಅನ್ನಿಸುತ್ತದೆ. ಹುಟ್ಟುಹಬ್ಬದ ಬ್ಯಾನರುಗಳ ಬಗ್ಗೆ ನನ್ನದೇನೂ ತಕರಾರಿಲ್ಲ, ಅವು ಹರಿದುಹೋಗಲಿಕ್ಕೇ ಹುಟ್ಟಿದವು. ನನ್ನ ಜಗಳ ಇರುವುದು ಕಲಾವಿದರು ಅಂತ ಹೇಳಿಕೊಳ್ಳುವ ನಮ್ಮವರ ಜೊತೆ. ಯಾವ ಲೆನ್ಸ್, ಎಷ್ಟು ಐಎಸ್‌ಒ, ಯಾವ ಸಾಫ್ಟ್‌ವೇರ್ ಅಂತ ಚಹಾ ಆರುವವರೆಗೆ ಮಾತಾಡುತ್ತೇವೆ. ಚಿತ್ರ ಕೊನೆಗೆ ಯಾವುದರ ಮೇಲೆ ಬಂದು ಕೂಡಬೇಕು ಅನ್ನುವ ಮಾತು ಬಂದಾಗ ಮಾತ್ರ ಚದರಡಿಗೆ ಎಷ್ಟು ಅನ್ನುವ ಒಂದೇ ಪ್ರಶ್ನೆ.

ನನ್ನ ಪ್ರಕಾರ ಶಟರ್ ಒತ್ತಿದಾಗ ಅರ್ಧ ಕೆಲಸ ಆಯಿತು. ಉಳಿದರ್ಧ ಕಾಗದದ್ದು. ಜಾಮಿ ಮಸೀದಿಯನ್ನೇ ತಗೊಳ್ಳಿ. 1367ರ ಕಟ್ಟಡ. ಬೇರೆ ಮಸೀದಿಗಳಂತೆ ನಡುವೆ ಬಯಲು ಅಂಗಳ ಇಲ್ಲ, ಇಡೀ ಪ್ರಾರ್ಥನಾ ಸ್ಥಳಕ್ಕೆ ಮಾಡು ಇದೆ. ಬೆಳಕು ಬರುವುದು ಪಕ್ಕದ ಅಗಲವಾದ, ತಗ್ಗು ಕಮಾನುಗಳಿಂದ. ಒಳಗೆ ಹೋದ ಹಾಗೆ ಒಂದೊಂದು ಕಂಬಕ್ಕೂ ಬೆಳಕು ಒಂದು ಪಟ್ಟು ಕಡಿಮೆ. ಅಲ್ಲಿ ಫೋಟೋ ತೆಗೆಯುವವನಿಗೆ ವಸ್ತುವೇ ಆ ಕತ್ತಲು. ಅದನ್ನು ಫ್ಲೆಕ್ಸಿನ ಮೇಲೆ ಹಾಕಿದರೆ ಕಪ್ಪು ಭಾಗವೆಲ್ಲ ಮಿರಮಿರ ಹೊಳೆಯುತ್ತದೆ, ಹಾಲಿನ ಟ್ಯೂಬ್‌ಲೈಟ್ ಸರಿಯಾಗಿ ಮೂರನೇ ಕಂಬದ ಮೇಲೆ ಬಂದು ಕೂಡುತ್ತದೆ. ಕತ್ತಲು ನೋಡಲು ಹೋದವರು ಟ್ಯೂಬ್‌ಲೈಟ್ ನೋಡಿ ಬರುತ್ತಾರೆ.

ಇದು ಗೊತ್ತಾಗದ ಊರಲ್ಲ ನಮ್ಮದು. ಚಿತ್ರಕಾರ ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ಇಲ್ಲೇ. ಅವರ ಮೂಲ ವರ್ಣಚಿತ್ರ ಕಂಡವರು ಎಷ್ಟು ಮಂದಿ? ಅವರ ದೇವರುಗಳು ಮನೆಮನೆಯ ಗೋಡೆಗೆ ಬಂದದ್ದು ಕ್ಯಾಲೆಂಡರ್ ಆಗಿ, ಅಚ್ಚಾಗಿ. ವರ್ಷ ಮುಗಿದರೂ ಚಿತ್ರ ಕತ್ತರಿಸಿ ಕಟ್ಟು ಹಾಕಿಸಿ ಜಗಲಿಯ ಮೇಲೆ ಇಟ್ಟವರು ನಮ್ಮ ಮಂದಿ. ಇಡಬೇಕು ಅನ್ನಿಸುವ ಅಚ್ಚಿಗೂ ಎಸೆಯಬೇಕು ಅನ್ನಿಸುವ ಅಚ್ಚಿಗೂ ಇರುವ ಫರಕು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪರಿಸರಸ್ನೇಹಿ ಮುದ್ರಣ ಅಂತ ಈಗ ಎಲ್ಲರೂ ಹೇಳುತ್ತಾರೆ. ನನಗೆ ಅದರ ಮೊದಲ ಲಕ್ಷಣ ಒಂದೇ: ಬಹಳ ವರ್ಷ ಬಾಳಬೇಕು. ಹತ್ತಿ ಕಾಗದದ ಮೇಲೆ ಒಳ್ಳೆಯ ಪಿಗ್ಮೆಂಟ್ ಇಂಕಿನಲ್ಲಿ ತೆಗೆದ ಒಂದು ಪ್ರಿಂಟು, ‘ಗ್ರೀನ್’ ಅಂತ ಮುದ್ರೆ ಒತ್ತಿ ಆರು ತಿಂಗಳಿಗೆ ಮಾಸುವ ಹತ್ತು ಪ್ರಿಂಟಿಗಿಂತ ವಾಸಿ. ನಮ್ಮ ಭಾಗ ನಿಜಾಮರ ಸಂಸ್ಥಾನದಲ್ಲಿದ್ದಾಗ ಆ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರ ಪ್ರಿಂಟುಗಳು ನೂರು ವರ್ಷ ದಾಟಿಯೂ ನೋಡಲು ಸಿಗುತ್ತವೆ. ಆ ಕಾಲದ ಕಾಗದಕ್ಕೆ ಮೊಟ್ಟೆಯ ಬಿಳಿ ಲೋಳೆ ಹಚ್ಚುತ್ತಿದ್ದರು. ನಮ್ಮ 2012ರ ಹಾರ್ಡ್‌ಡಿಸ್ಕ್ ತೆರೆಯುತ್ತದಾ, ಒಮ್ಮೆ ಹಚ್ಚಿ ನೋಡಿ.

ಹಾಗಂತ ಹಳೆಯದೆಲ್ಲ ಶುದ್ಧ ಅಂತ ನಾನು ಹೇಳುವುದಿಲ್ಲ. ನಮ್ಮ ಕಾಕಾರ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಬೆಳೆದವನು ನಾನು, ಹೈಪೋ, ಅಂದರೆ ಚಿತ್ರ ಮಾಸದಂತೆ ನಿಲ್ಲಿಸುವ ದ್ರಾವಣ, ಅದರ ವಾಸನೆ ಇನ್ನೂ ಮೂಗಿನಲ್ಲಿದೆ. ಬಳಸಿ ಬಿಟ್ಟ ಹೈಪೋ ಒಯ್ಯಲಿಕ್ಕೆ ಒಬ್ಬ ಕ್ಯಾನು ಹಿಡಿದು ಬರುತ್ತಿದ್ದ. ಫಿಲ್ಮಿನಿಂದ, ಕಾಗದದಿಂದ ಕರಗಿ ಬಂದ ಬೆಳ್ಳಿ ಅದರಲ್ಲಿ ಇರುತ್ತಿತ್ತು, ಅದನ್ನು ತೆಗೆದು ಮಾರುತ್ತಿದ್ದ. ಬೆಳ್ಳಿ ಇರುವ ತನಕ ಅದಕ್ಕೆ ಗಿರಾಕಿ. ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, ಮಾತ್ರ ನೇರ ಗಟಾರಕ್ಕೆ.

ಹಾಗಾಗಿ ನಾನು ಹಿಡಿದದ್ದು ಬೆಳ್ಳಿ ಬೇಡದ ದಾರಿ, ಸಯನೋಟೈಪ್, ಅಂದರೆ ಕಬ್ಬಿಣದ ಲವಣ ಹಚ್ಚಿದ ಕಾಗದವನ್ನು ಬಿಸಿಲಿಗೆ ಹಿಡಿದು ನೀಲಿ ಚಿತ್ರ ತೆಗೆಯುವುದು. ಇದನ್ನು ಕಂಡುಹಿಡಿದವರು ಜಾನ್ ಹರ್ಷೆಲ್, ಖಗೋಳ ವಿಜ್ಞಾನಿ, 1842ರಲ್ಲಿ. ಮರುವರ್ಷವೇ ಅನ್ನಾ ಆಟ್ಕಿನ್ಸ್ ಎಂಬ ಹೆಣ್ಣುಮಗಳು ಸಮುದ್ರದ ಪಾಚಿಗಳನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ಪುಸ್ತಕವನ್ನೇ ಹೊರತರತೊಡಗಿದಳು. ಇಂಜಿನಿಯರುಗಳ ನಕಾಶೆಗಳು ನೀಲಿ ಇರುತ್ತಿದ್ದುದೂ ಇದೇ ರಸಾಯನದಿಂದ. ಬೇಕಾದದ್ದು ಎರಡು ಪುಡಿ: ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್. ಎರಡನೆಯದರ ಹೆಸರು ಕೇಳಿ ನಮ್ಮ ಮನೆಯವರು ಗಾಬರಿಯಾಗಿದ್ದರು. ಅಷ್ಟು ಅಪಾಯದ್ದಲ್ಲ. ಆದರೆ ಅದನ್ನು ಕಾಯಿಸಬಾರದು, ತೀಕ್ಷ್ಣ ಆಮ್ಲ ತಾಗಿಸಬಾರದು, ವಿಷದ ಗಾಳಿ ಹೊರಡುತ್ತದೆ. ಅಡಿಗೆ ಮನೆಯ ಪಾತ್ರೆ, ಚಮಚ ಮುಟ್ಟಲೇಬಾರದು.

ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಮಂದ ಬೆಳಕಿನ ಕೋಣೆಯಲ್ಲಿ ಸಮ ಕೂಡಿಸಿ, ಬ್ರಷ್‌ನಿಂದ ಕಾಗದಕ್ಕೆ ಹಚ್ಚಿ ಕತ್ತಲಲ್ಲಿ ಒಣಗಿಸಬೇಕು. ಆಗ ಕಾಗದ ಹಸಿರು ಬೆರೆತ ಹಳದಿ. ಮೇಲೆ ನೆಗೆಟಿವ್ (ಬೆಳಕು ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಬೆಳಕು ಇರುವ ಚಿತ್ರ), ಅದರ ಮೇಲೆ ಗಾಜು, ಮಾಳಿಗೆಯ ಫರ್ಸಿ ಮೇಲೆ ಬಿಸಿಲಿಗೆ. ನಮ್ಮ ಬೇಸಿಗೆಗೆ ಐದರಿಂದ ಹತ್ತು ನಿಮಿಷ ಸಾಕು, ಕೆಲಸ ಮಾಡುವುದು ಕಾವಲ್ಲ, ಬಿಸಿಲಿನ ಅತಿನೇರಳೆ ಕಿರಣ. ಹಳದಿ ಮೊದಲು ನೀಲಿಗೆ ತಿರುಗುತ್ತದೆ, ಆಮೇಲೆ ಬೂದಿ ಬಣ್ಣಕ್ಕೆ. ಪೂರಾ ಕೆಟ್ಟಿತು ಅನ್ನಿಸುವ ಹೊತ್ತಿಗೆ ಸರಿಯಾಗಿ ಬೆಂದಿರುತ್ತದೆ. ನೀರಿನ ಟ್ರೇಗೆ ಹಾಕಿದರೆ ಹಳದಿ ಬಿಟ್ಟುಕೊಂಡು ಹೋಗುತ್ತದೆ, ಮಸೀದಿಯ ಕಂಬಗಳು ನೀಲಿಯಲ್ಲಿ ನಿಲ್ಲುತ್ತವೆ. ಒಂದು ದಿನ ಬಿಟ್ಟರೆ ನೀಲಿ ಇನ್ನೂ ಗಟ್ಟಿಯಾಗುತ್ತದೆ. ಬೆಳಕಿಗೆ ಸ್ವಲ್ಪ ಮಾಸಿದರೂ ಕತ್ತಲಲ್ಲಿ ಇಟ್ಟರೆ ಮತ್ತೆ ಬಣ್ಣ ಏರುತ್ತದೆ. ಇಷ್ಟು ಸಹನೆ ಇರುವ ಪ್ರಿಂಟು ಬೇರೆ ನನಗೆ ಗೊತ್ತಿಲ್ಲ.

ಇಂಟರ್ನೆಟ್‌ನಲ್ಲಿ ಇದನ್ನು ಕಲಿಸುವವರು ‘ನಲ್ಲಿ ನೀರಿನಲ್ಲಿ ತೊಳೆಯಿರಿ’ ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅವರು ನಮ್ಮ ಕಡೆಯ ಬೋರಿನ ನೀರು ಕಂಡಿಲ್ಲ. ಸೇಡಂ, ವಾಡಿ, ಶಹಾಬಾದ್ ಸುತ್ತ ನೆಲವೇ ಸುಣ್ಣದ ಕಲ್ಲು, ಸಿಮೆಂಟ್ ಫ್ಯಾಕ್ಟರಿಗಳು ಸುಮ್ಮನೆ ಬಂದಿಲ್ಲ. ನೀರು ಗಡಸು, ಕ್ಷಾರ. ಈ ನೀಲಿಗೆ ಕ್ಷಾರ ಅಂದರೆ ವೈರಿ, ನೋಡುನೋಡುತ್ತ ಚಿತ್ರ ತೆಳುವಾಗುತ್ತದೆ. ಮೊದಲ ಟ್ರೇಗೆ ಅರ್ಧ ನಿಂಬೆಹಣ್ಣು ಹಿಂಡಿದರೆ ಸರಿಹೋಗುತ್ತದೆ. ಸಾಧ್ಯವಾದರೆ ಮಳೆ ನೀರು ಹಿಡಿದಿಟ್ಟುಕೊಳ್ಳಿ. ನಲ್ಲಿ ಬಿಟ್ಟು ತೊಳೆಯುವ ಶ್ರೀಮಂತಿಕೆ ನಮಗಿಲ್ಲ, ಸಾಲಾಗಿ ಮೂರು ಟ್ರೇ ಇಟ್ಟು ಒಂದರಿಂದ ಒಂದಕ್ಕೆ ದಾಟಿಸಿದರೆ ಒಂದು ಕೊಡದಲ್ಲಿ ಹಲವು ಪ್ರಿಂಟು ಏಳುತ್ತವೆ. ಕಾಗದದಲ್ಲೂ ಇದೇ ತೊಡಕು: ಹಳದಿಯಾಗದಿರಲಿ ಅಂತ ಸುಣ್ಣದಂಶ ಸೇರಿಸಿದ ಕಾಗದ ಬೇಡ.

ನೆಗೆಟಿವ್‌ಗೆ ಎಲ್ಲರೂ ಓಹೆಚ್‌ಪಿ ಶೀಟು ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ. ಪ್ಲಾಸ್ಟಿಕ್ ಬೇಡ ಅಂತ ಶುರು ಮಾಡಿ ಪ್ಲಾಸ್ಟಿಕ್ಕಿಗೇ ಬಂದು ನಿಂತ ಹಾಗಾಯಿತು. ಸಾದಾ ಕಾಗದದ ಮೇಲೆ ನೆಗೆಟಿವ್ ತೆಗೆಸಿ, ಹಿಂದೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಬೆಳಕು ಹಾಯುತ್ತದೆ. ಬಿಸಿಲಿಗೆ ಹೊತ್ತು ಹೆಚ್ಚು ಬೇಕು, ಗೆರೆ ಸ್ವಲ್ಪ ಮೆತ್ತಗೆ ಬರುತ್ತವೆ. ಹಳೆಯ ಕಲ್ಲಿಗೆ ಆ ಮೆತ್ತಗಿನ ಗೆರೆಯೇ ಒಪ್ಪುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಕಾಕಾ ಒಪ್ಪುವುದಿಲ್ಲ. “ಫೋಕಸ್ ಹೋಗ್ಯಾದ ತಮ್ಮಾ, ಎಣ್ಣಿ ಹಚ್ಚೀನಂತ ಹೇಳಿ ತಪ್ಪಿಸ್ಕೋಬ್ಯಾಡ” ಅಂತಾರೆ.

ನೀಲಿ ಬೇಡ ಅನ್ನುವವರಿಗೆ ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಬಣ್ಣ ಇಳಿಸಿ ಕಡುಚಹಾದಲ್ಲಿ ಅದ್ದಿದರೆ ಕಂದುಗಪ್ಪು ಬರುತ್ತದೆ. ಈ ಕಪ್ಪು ನೋಡಿದಾಗೆಲ್ಲ ನನಗೆ ಬೀದರ್ ನೆನಪು. ಬಿದರಿ ಪಾತ್ರೆ ಮಾಡುವವರು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂಡಿಸಿ ಉಜ್ಜಿದಾಗ ಚಿತ್ತಾರ ಕಾಣುವುದೇ ಇಲ್ಲ, ಸತುವೂ ಬಿಳುಪು, ಬೆಳ್ಳಿಯೂ ಬಿಳುಪು. ಕೋಟೆಯೊಳಗೆ ಮಳೆ ಬಿಸಿಲು ತಾಗದ ಕಡೆಯ ಹಳೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸಿ, ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಅದರಲ್ಲಿ ಅದ್ದುತ್ತಾರೆ. ಸತುವು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ, ಹೂಬಳ್ಳಿ ಆಗ ಏಳುತ್ತದೆ. ನನ್ನ ಕಣ್ಣಿಗೆ ಅದು ಡೆವಲಪರ್ ಟ್ರೇ. ಇಂಥ ಕೆಲಸ ನಡೆಯುವ ಊರಿನಲ್ಲಿ ಫೋಟೋದವರು ಫ್ಲೆಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಬರುವುದು ಆಲಸ್ಯ, ಬೇರೇನಲ್ಲ.

ಶಾಲೆಯ ಹುಡುಗರಿಗಾದರೆ ಈ ಎರಡು ಪುಡಿಯೂ ಬೇಡ. ಅರಿಶಿನಪುಡಿಯನ್ನು ಸ್ಪಿರಿಟ್‌ನಲ್ಲಿ ಕದಡಿ ಸೋಸಿ ಕಾಗದಕ್ಕೆ ಬಳಿದು, ಮೇಲೆ ಬೇವಿನ ಎಲೆ ಇಟ್ಟು ಬಿಸಿಲಿಗಿಡಿ. ಕೆಲವು ತಾಸಿನಲ್ಲಿ ಸುತ್ತಲಿನ ಹಳದಿ ಹಾರುತ್ತದೆ. ಬಿಳಿಗಾರದ (ಬೋರಾಕ್ಸ್) ನೀರು ಸವರಿದರೆ ಎಲೆಯ ಜಾಗ ಕೆಂಗಂದು ಆಗುತ್ತದೆ, ಅರಿಶಿನಕ್ಕೆ ಸುಣ್ಣ ಕಲಸಿ ಆರತಿ ಮಾಡುವವರಿಗೆ ಇದರಲ್ಲಿ ಹೊಸದೇನಿಲ್ಲ. ಇದು ಬಾಳಿಕೆ ಬರುವುದಿಲ್ಲ, ಬೆಳಕಿನಲ್ಲಿಟ್ಟರೆ ಮಾಸಿಹೋಗುತ್ತದೆ. ಮಾರುವವರು ಇದನ್ನು ಮೊದಲೇ ಹೇಳಿ ಮಾರಬೇಕು.

ಮತ್ತೆ ಆಗಸ್ಟ್ 19 ಬರುತ್ತದೆ, ವಿಶ್ವ ಛಾಯಾಗ್ರಹಣ ದಿನ, ಮತ್ತೆ ಫ್ಲೆಕ್ಸ್ ಆರ್ಡರ್ ಹೋಗುತ್ತವೆ. ನನ್ನ ಸಲಹೆ ಇಷ್ಟೇ: ಐವತ್ತು ಚಿತ್ರದ ಕಡೆ ಎಂಟೇ ಇಡಿ, ಕಾಗದದ ಮೇಲೆ ಇಡಿ, ಮುಗಿದ ಮೇಲೆ ಯಾರ ಮನೆಗೆ ಹೋಗುತ್ತವೆ ಅಂತ ಮೊದಲೇ ಬರೆದಿಡಿ. ಆಗಸ್ಟಿನಲ್ಲಿ ಮೋಡ ಇರುವುದರಿಂದ ಪ್ರಿಂಟುಗಳನ್ನು ಬೇಸಿಗೆಯಲ್ಲೇ ತೆಗೆದಿಟ್ಟುಕೊಳ್ಳಬೇಕು. ಕಲಿಯಬೇಕು ಅನ್ನುವವರು ಭಾನುವಾರ ಮುಂಜಾನೆ ನಮ್ಮ ಮಾಳಿಗೆಗೆ ಬರ್ರಿ. ಪುಡಿ, ಬ್ರಷ್ ನನ್ನ ಹತ್ತಿರ ಅದಾವ. ಬರುವಾಗ ಹಳೆ ಫೋಟೋ ಫ್ರೇಮಿನ ಗಾಜು ಒಂದು, ನಿಂಬೆಹಣ್ಣು ಎರಡು ತರ್ರಿ.