ಚಿಕ್ಕಪ್ಪನಿಗೆ ಎದುರಾಡುವವರು ಯಾರು?

2025ರ ಫೆಬ್ರವರಿ 5ರಂದು ಅಕ್ರಮ ವಲಸಿಗರೆಂದು ಗಡೀಪಾರು ಮಾಡಿದ 104 ಭಾರತೀಯರನ್ನು ಹೊತ್ತ ಅಮೆರಿಕದ ಮಿಲಿಟರಿ ವಿಮಾನ ಅಮೃತಸರದಲ್ಲಿ ಇಳಿಯಿತಲ್ಲ, ಕೈಗೆ ಬೇಡಿ, ಕಾಲಿಗೆ ಸರಪಳಿ, ಆ ವಿಡಿಯೊ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೂ ಬಂತು. ಹಾಕಿದ್ದು ಕೋಲಾರದ ಚಿಕ್ಕಪ್ಪ. "ಸರಿಯಾಗಿ ಮಾಡಿದ್ರು. ನಮ್ಮಲ್ಲೂ ಬಾಂಗ್ಲಾದವರನ್ನ ಹಿಂಗೇ ಕಟ್ಟಿ ಕಳಿಸ್ಬೇಕು" ಅಂತ ಬರೆದಿದ್ದರು. ಅದರ ಹಿಂದೆಯೇ ನನಗೊಂದು ಪ್ರಶ್ನೆ: "ನಿನ್ನ ಗ್ರೀನ್ ಕಾರ್ಡ್ ಏನಾಯ್ತಪ್ಪ?"

ಇಬ್ಬರು ಅತ್ತೆಯಂದಿರು ಕೈ ಮುಗಿಯುವ ಚಿತ್ರ ಹಾಕಿದರು. ಯಾವುದಕ್ಕೆ ಅಂತ ಗೊತ್ತಾಗಲಿಲ್ಲ.

ನಾನಿರುವುದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಕಾರು ಹತ್ತಿದರೆ ಗಂಟೆಯೊಳಗೆ ಸ್ಪ್ರಿಂಗ್‌ಫೀಲ್ಡ್. ಅಲ್ಲಿ ವಲಸಿಗರು ಜನರ ನಾಯಿ, ಬೆಕ್ಕು ತಿನ್ನುತ್ತಿದ್ದಾರೆ ಅಂತ 2024ರ ಸೆಪ್ಟೆಂಬರ್ 10ರ ಅಧ್ಯಕ್ಷೀಯ ಚುನಾವಣೆಯ ಚರ್ಚೆಯಲ್ಲಿ ಟ್ರಂಪ್ ಹೇಳಿದ್ದರು, ನೆನಪಿದೆಯಲ್ವಾ? ಹೈಟಿಯಿಂದ ಬಂದವರ ಮೇಲೆ ಹಾಕಿದ ಅಪವಾದ ಅದು. ಅವರಲ್ಲಿ ಹೆಚ್ಚಿನವರು ಸರ್ಕಾರದ ಅನುಮತಿ ಪಡೆದೇ ಇದ್ದವರು. ನನಗೆ ಹಿಡಿಸಿದ್ದು ಆಮೇಲೆ ನಡೆದದ್ದು. ಇದಕ್ಕೆ ಪುರಾವೆ ಇಲ್ಲ ಅಂತ ರಾಜ್ಯದ ಗವರ್ನರ್ ಮೈಕ್ ಡಿವೈನ್ ಬಹಿರಂಗವಾಗಿಯೇ ಹೇಳಿದರು. ಅವರು ಟ್ರಂಪ್ ಪಕ್ಷದವರೇ! ನಮ್ಮ ಆಫೀಸಿನಲ್ಲಿ ವಲಸಿಗರನ್ನು ತಡೆಯಲು ಮೆಕ್ಸಿಕೊ ಗಡಿಗೆ ಗೋಡೆ ಕಟ್ಟಲೇಬೇಕು ಅಂತ ವಾದ ಮಾಡುವ ಒಬ್ಬ ಇದ್ದಾನೆ. ಅವನೂ ಊಟದ ಹೊತ್ತಲ್ಲಿ, ನಾಯಿ ಕತೆ ಮಾತ್ರ ಸುಳ್ಳು ಅಂದ. ಎಲ್ಲರೆದುರಿಗೆ.

ನಮ್ಮಲ್ಲಿ ಹಾಗೆ ನಮ್ಮವರಿಗೇ ಎದುರಾಡುವ ಮಾತು ಬರುವುದೇ ಇಲ್ಲ. ಚಿಕ್ಕಪ್ಪ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿದ್ದಾರೆ. ಬಾಕ್ಸ್ ಎತ್ತುವವರಲ್ಲಿ ಬಿಹಾರದವರು, ಬಂಗಾಳದವರು ಜಾಸ್ತಿ. ಹೋದ ಸಲ ಅಲ್ಲಿ ಪಶ್ಚಿಮ ಬಂಗಾಳದ ಮಾಲ್ದಾ ಕಡೆಯ ಹುಡುಗನೊಬ್ಬನನ್ನು ನೋಡಿದೆ. ಹದಿನೈದು ಕೇಜಿಯ ಬಾಕ್ಸುಗಳನ್ನು ಒಂದರ ಮೇಲೊಂದು ಲಾರಿಗೆ ಏರಿಸುತ್ತಿದ್ದ. ಬಗ್ಗಿದಾಗೆಲ್ಲ ಅಂಗಿ ಜೇಬಿಗೆ ಕೈ ಒತ್ತಿ ಹಿಡಿಯುತ್ತಿದ್ದ, ಒಳಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಆಧಾರ್ ಕಾರ್ಡು. ಯಾರೋ ಬಾಂಗ್ಲಾದವನು ಅಂದಿದ್ದರಂತೆ, ಅವತ್ತಿಂದ ಹೀಗೆ. (ನಾನೂ ಇಲ್ಲಿ ವಲಸೆಯ ಕಾಗದಪತ್ರ ಇಟ್ಟುಕೊಂಡೇ ಓಡಾಡುತ್ತೇನೆ. ಇಲ್ಲಿನ ಕಾನೂನೇ ಹಾಗಿದೆ.) ಮಂಡಿಯಲ್ಲಿ ಟೀ ಕುಡಿಯುತ್ತಾ ಕೂತವರಿಗೆಲ್ಲ ಅವನ ಊರು ಗೊತ್ತು. ಒಬ್ಬರಾದರೂ "ಬಿಡಣ್ಣ, ಅವನು ನಮ್ಮ ದೇಶದವನೇ" ಅನ್ನಬಹುದಿತ್ತು. ಅನ್ನಲಿಲ್ಲ. ದೊಡ್ಡವರು ಮಾತಾಡುವಾಗ ಸುಮ್ನಿರಬೇಕಲ್ಲ! ಗ್ರೂಪಿನಲ್ಲಿ ನಾನು ಎರಡು ಸಾಲು ಬರೆದಾಗಲೂ ಹಾಗೇ ಆಯಿತು. ಚಿಂತಾಮಣಿಯ ತಮ್ಮ "ಸರಿಯಾಗಿ ಹೇಳ್ದೆ ಅಣ್ಣ" ಅಂತ ನನಗೊಬ್ಬನಿಗೇ ಮೆಸೇಜ್ ಹಾಕಿದ. ಅಲ್ಲೇ ಹಾಕೋ ಅಂದರೆ ನಕ್ಕ.

ಹಾಗಂತ ಒಹಾಯೊದಲ್ಲಿ ಡಿವೈನ್ ಮಾತಿಂದ ಏನು ಕಡಿದು ಗುಡ್ಡೆ ಹಾಕಿದಂತಾಯಿತು ಅಂದರೆ, ಹೆಚ್ಚೇನಿಲ್ಲ. ಸ್ಪ್ರಿಂಗ್‌ಫೀಲ್ಡ್‌ಗೆ ಕನಿಷ್ಠ 33 ಹುಸಿ ಬಾಂಬ್ ಬೆದರಿಕೆ ಬಂದವು, ಶಾಲೆಗಳಿಂದ ಮಕ್ಕಳನ್ನು ಹೊರಗೆ ಕಳಿಸಬೇಕಾಯಿತು. ನವೆಂಬರಿನಲ್ಲಿ ಟ್ರಂಪ್ ಈ ರಾಜ್ಯವನ್ನೂ ಗೆದ್ದರು. ಡಿವೈನ್ ಕೂಡ ಅವರ ಬೆಂಬಲ ಬಿಡಲಿಲ್ಲ. ಇನ್ನು ಚಿಕ್ಕಪ್ಪ ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ಬಾಂಗ್ಲಾ ಜೊತೆಗಿನ ನಮ್ಮ ಗಡಿ 4,096 ಕಿಲೋಮೀಟರ್. ನದಿ, ಜೌಗು ಇರುವ ಕಡೆ ಬೇಲಿಯೇ ಇಲ್ಲ, ಕದ್ದು ದಾಟುವವರು ಇದ್ದಾರೆ. ಆದರೆ 2025ರಲ್ಲಿ ಬಂಗಾಳದ ನಮ್ಮ ಕೂಲಿಕಾರರನ್ನೇ ಬಾಂಗ್ಲಾದವರು ಅಂತ ಗಡಿಯಾಚೆ ದಬ್ಬಿ, ಆಮೇಲೆ ವಾಪಸ್ ಕರೆಸಿಕೊಂಡದ್ದೂ ಇದೆ.

ಇನ್ನೊಂದನ್ನೂ ಹೇಳಿಬಿಡಬೇಕು, ಮನಸ್ಸಿಲ್ಲದಿದ್ದರೂ. ಆ ಮಾಲ್ದಾ ಹುಡುಗನಿಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವರು ಚಿಕ್ಕಪ್ಪನೇ, ಮೂರು ಹೊತ್ತೂ ಗಂಜಿ ಹೋಗಿದ್ದು ಚಿಕ್ಕಮ್ಮನ ಕೈಯಿಂದ. ನಾಯಿ ಕತೆ ಸುಳ್ಳು ಅಂದ ನಮ್ಮ ಆಫೀಸಿನವನು ಒಂದು ದಿನಕ್ಕೂ ನನ್ನನ್ನು ಮನೆಗೆ ಕರೆದಿಲ್ಲ.